ಅಣ್ಣನ ಕಯಾಕಿಗೆ ಎರೆಮೀನಿನ ತೊಟ್ಟಿ

ಮಾರ್ಚ್ 4, ಮಂಗಳವಾರ. ಬೆಳಗ್ಗೆ 7.30

ಮೂರನೇ ತೊಟ್ಟಿಯ ನೀರು ಬದಲಾಯಿಸಿದ್ದಾಯಿತು. ಒಂದು ಗೋಲ್ಡ್‌ಫಿಶ್ ಸತ್ತಿದೆ, ಕಾರಣ ತಿಳಿಯದು. ಫಿಲ್ಟರ್ ತೊಳೆಯುವುದು ಬಾಕಿ. ಅಂಗಡಿ ತೆರೆಯಲು ಇನ್ನೂ ಒಂದೂವರೆ ಗಂಟೆ.

ನಿನ್ನೆ ಅಣ್ಣನ ಮನೆಗೆ ಹೋಗಿದ್ದೆ. ಸ್ಟ್ರೋಕ್ ಆಗಿ ಐದು ತಿಂಗಳು. ನಡೆಯುತ್ತಾನೆ, ಮಾತು ಮುಕ್ಕಾಲು ಪಾಲು ಮರಳಿದೆ. ಬಲಗೈ ಮಾತ್ರ ಹೇಳಿದಂತೆ ಕೇಳುವುದಿಲ್ಲ. ಇಪ್ಪತ್ತೆಂಟು ವರ್ಷ ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಕೈ. ಶೆಡ್ಡಿನಲ್ಲಿ ಅವನು ಮೀನು ಹಿಡಿಯಲು ಒಯ್ಯುತ್ತಿದ್ದ ಒಬ್ಬರ ದೋಣಿ, ಕಯಾಕ್, ಬೋರಲಾಗಿ ಬಿದ್ದಿದೆ, ಅದರ ಮೇಲೆ ಅತ್ತಿಗೆ ಕಂಬಳಿ ಒಣಹಾಕಿದ್ದಾರೆ. ಗಾಳಕ್ಕೆ ಕಟ್ಟಿ ದೂರಕ್ಕೆ ಬೀಸುವ ಪ್ಲಾಸ್ಟಿಕ್ ಮೀನುಗಳ ಡಬ್ಬವನ್ನು — ಜೀವಕ್ಕಿಂತ ಹೆಚ್ಚಾಗಿ ಕಾಪಾಡಿದ್ದ — ಯಾರಿಗೋ ಕೊಟ್ಟುಬಿಟ್ಟನಂತೆ.

"ಬೀಸೋಕೆ ಮಣಿಕಟ್ಟೇ ಇಲ್ಲ. ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?"

ಬೀಸದೆ ಹಿಡಿಯುವ ದಾರಿಯೂ ಇದೆ. ಜೀವಂತ ಎರೆಮೀನು. ಗಾಳಕ್ಕೆ ಸಿಕ್ಕಿಸಿ ಪಕ್ಕದಲ್ಲೇ ಇಳಿಬಿಟ್ಟರೆ ಸಾಕು, ಮಿಕ್ಕದ್ದನ್ನು ಅದೇ ಈಜಾಡಿ ನೋಡಿಕೊಳ್ಳುತ್ತದೆ. ಆದರೆ ಅಲ್ಲಿಯತನಕ ಬದುಕಿರಬೇಕು. ಮೀನು ಬದುಕಿಸುವುದೇ ನನ್ನ ಹೊಟ್ಟೆಪಾಡು. ಹೇಳಿ ನೋಡಿದೆ.

ಮುಖ ಸಿಂಡರಿಸಿದ. "ಅದು ಮೀನು ಹಿಡಿಯೋದಲ್ಲ ಕಣೇ, ಊಟ ಬಡಿಸೋದು."

ಬೇಡ ಅನ್ನಲಿಲ್ಲ, ಅಷ್ಟು ಸಾಕು.

ಮಾರ್ಚ್ 5, ಬುಧವಾರ

ಕಯಾಕಿನಲ್ಲಿ ಎರೆಮೀನು ಇಡಲು ಚೌಕದ ಡಬ್ಬ ಬೇಡ. ಮೂಲೆ ಇದ್ದರೆ ಅಲ್ಲಿಗೇ ಮೂತಿ ತೂರಿ, ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಹಿಂದಿನ ಕೋಣೆಯಲ್ಲಿ ದುಂಡನೆಯ ನೀಲಿ ಡ್ರಮ್ ಇತ್ತು, ಮೂವತ್ತು ಲೀಟರ್. ಅದೇ ಸರಿ. ಪುಟ್ಟ ಬ್ಯಾಟರಿ ಪಂಪು ಕೆರೆಯ ನೀರನ್ನು ಒಳಗೆ ತಳ್ಳುತ್ತದೆ. ಹೆಚ್ಚಾದದ್ದು ಮೇಲಿನ ತೂತಿನಿಂದ ಪೈಪಿಗಿಳಿದು ಹೊರಕ್ಕೆ. ಬಂದ ನೀರು ಹೋಗುತ್ತಲೇ ಇರಬೇಕು.

ಮಧ್ಯಾಹ್ನ ತೂತು ಕೊರೆದೆ. ಡ್ರಿಲ್ ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತಿದ್ದೆ. ಹದಿನಾರು ವರ್ಷದಿಂದ ಮೀನು ಸಾಯದಂತೆ ನೋಡಿಕೊಂಡವಳು, ಈಗ ಗಾಳಕ್ಕೆ ಚುಚ್ಚಲೆಂದೇ ಬದುಕಿಸಿಡಬೇಕು. ಅಣ್ಣನ ಮುಖ ನೆನಪಾಯಿತು... ಕೊರೆದೆ.

ಮಾರ್ಚ್ 8, ಶನಿವಾರ. ಸಂಜೆ

ಅತ್ತಿಗೆ ಅಂಗಡಿಗೇ ಬಂದರು. ಡ್ರಮ್ ನೋಡಿದರು. ಕೂರಲಿಲ್ಲ.

"ನೀನಾದ್ರೂ ಬುದ್ಧಿ ಹೇಳ್ತೀಯ ಅಂದ್ಕೊಂಡಿದ್ದೆ. ನೀನೇ ಕುಣಿಸ್ತಿದ್ದೀಯಲ್ಲ! ಅವತ್ತು ಸ್ಟ್ರೋಕ್ ಆದಾಗ ಮನೇಲೇ ಎರಡು ಗಂಟೆ ಯಾರೂ ಇರ್ಲಿಲ್ಲ ಪಕ್ಕದಲ್ಲಿ. ನೀರಲ್ಲಿ ಯಾರಿರ್ತಾರೆ?"

"ನಾನಿರ್ತೀನಿ ಅತ್ತಿಗೆ."

"ಫಿಸಿಯೋ ಸರಿ ಅಂದ್ರೆ ಮಾತ್ರ. ಇಲ್ದಿದ್ರೆ ಆ ದೋಣೀನ ಗುಜರಿಗೆ ಹಾಕ್ತೀನಿ."

ಹೋದರು. ಆ ಎರಡು ಗಂಟೆ...

ಬರೆದೇಬಿಡುತ್ತೇನೆ. ಅವತ್ತು ಹತ್ತೂ ಇಪ್ಪತ್ತಕ್ಕೆ ಅಣ್ಣ ನನಗೆ ಫೋನ್ ಮಾಡಿದ್ದ. ನಾಲಿಗೆ ತೊದಲುತ್ತಿತ್ತು. ತಮಾಷೆ ಅಂದುಕೊಂಡೆ — ಕುಡುಕನ ಹಾಗೆ ಮಾತಾಡಿ ನನ್ನನ್ನು ಎಷ್ಟು ಸಲ ಏಮಾರಿಸಿಲ್ಲ ಅವನು! ಎದುರಿಗೆ ಗಿರಾಕಿ. "ಆಮೇಲೆ ಮಾಡ್ತೀನಿ ಇರು" ಎಂದು ಕಟ್ ಮಾಡಿದೆ. ಮಾಡಲಿಲ್ಲ. ಅತ್ತಿಗೆ ಕೆಲಸದಿಂದ ಬಂದು ನೋಡಿದಾಗ ಹನ್ನೆರಡೂವರೆ.

ಯಾರಿಗೂ ಹೇಳಿಲ್ಲ. ಅಣ್ಣನೂ ಎತ್ತಿಲ್ಲ. ನೆನಪಿಲ್ಲವೋ ಏನೋ. ನೆನಪಿಲ್ಲದಿರಲಿ ಎಂದು ಬಯಸುತ್ತೇನಲ್ಲ, ಅದೇ ನಾಚಿಕೆ.

ಮಾರ್ಚ್ 16, ಭಾನುವಾರ

ಫಿಸಿಯೋ ಒಪ್ಪಿದ್ದಾರೆ. ಲೈಫ್ ಜಾಕೆಟ್, ದಡದ ಹತ್ತಿರ, ಕಣ್ಣಳತೆಯಲ್ಲಿ ಒಬ್ಬರು. ಇವತ್ತು ಕೆರೆ. ಮೊದಲು ನಾನು ಕೂತು ನೋಡುತ್ತೇನೆಂದೆ. ಅಣ್ಣ ದಡದಲ್ಲಿ ಮಡಚುಕುರ್ಚಿ ಹಾಕಿಕೊಂಡು ಕೂತ, ಪರೀಕ್ಷೆ ತೆಗೆದುಕೊಳ್ಳುವವನಂತೆ.

ಸೀಟಿನ ಹಿಂದೆ ಕ್ರೇಟು, ಅದರ ಮೇಲೆ ಡ್ರಮ್ಮು, ತುಂಬಾ ನೀರು, ಇಪ್ಪತ್ತು ಎರೆಮೀನು. ನೇರ ಹೋಗುವಾಗ ಏನೂ ಇಲ್ಲ. ತಿರುಗಿಸಿದೆ ನೋಡಿ — ಡ್ರಮ್ಮಿನ ನೀರು ಒಂದು ಕಡೆ ವಾಲಿತು, ಕಯಾಕೂ ವಾಲಿತು, ನಾನೂ. ಸೊಂಟದಷ್ಟು ನೀರಿನಲ್ಲಿ ತಲೆಕೆಳಗು. ಎದ್ದಾಗ ಮುಚ್ಚಳ ತೇಲುತ್ತಿತ್ತು, ಎರೆಮೀನು ಒಂದೂ ಇಲ್ಲ.

ದಡದಿಂದ ಒಂದು ಸದ್ದು. ಏನೋ ಆಯಿತೆಂದು ಗಾಬರಿಯಾದೆ. ನಗುತ್ತಿದ್ದ! ಅರ್ಧ ಬಾಯಿಯಲ್ಲಿ, ಕಣ್ಣಲ್ಲಿ ನೀರು ಬರುವಷ್ಟು. ಐದು ತಿಂಗಳಲ್ಲಿ ಮೊದಲ ಸಲ.

"ಟಾಪ್ ಮೇಲೆ ಲಗೇಜ್ ಹೇರಿದ್ರೆ ತಿರುವಲ್ಲಿ ಬಸ್ ಏನಾಗುತ್ತೆ? ಭಾರ ಕೆಳಗಿರ್ಬೇಕು ದಡ್ಡಿ! ಅದೂ ಅಲ್ದೆ ಅಷ್ಟೊಂದು ನೀರು ಯಾಕೆ, ಸ್ನಾನಕ್ಕಾ?"

ಮಾರ್ಚ್ 17, ಸೋಮವಾರ

ಕ್ರೇಟ್ ತೆಗೆದೆ. ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ಸೀಟಿನ ಹಿಂದಿನ ತಗ್ಗಿನಲ್ಲೇ ಕೂರಿಸಿ ಪಟ್ಟಿ ಬಿಗಿದೆ. ಮುಚ್ಚಳ ಸರಿಯಾಗಿ ಕೂರುವಂತೆ ಅಂಚು ಉಜ್ಜಿದೆ. ತೂತು ಹೊಸದು, ಕೆಳಗೆ. ಹದಿನೈದು ಲೀಟರಿಗಿಂತ ಹೆಚ್ಚು ನಿಲ್ಲುವುದಿಲ್ಲ. ಅಣ್ಣ ಫೋನಿನಲ್ಲಿ ಎರಡು ಸಲ ವಿಚಾರಿಸಿದ.

ಮಾರ್ಚ್ 29, ಶನಿವಾರ. ಮಧ್ಯಾಹ್ನ

ಹನ್ನೆರಡು ದಿನ ಬರೆದಿಲ್ಲ. ಮೊದಲು ಒಂದು ರಾಶಿ ಎರೆಮೀನು ಸತ್ತವು. ಆಸೆಗೆ ಬಿದ್ದು ನಲವತ್ತು ತುಂಬಿದ್ದೆ. ಈಗ ಹನ್ನೆರಡು ಬಿಟ್ಟು ನೋಡಿದೆ, ನಾಲ್ಕು ಗಂಟೆ ಕಳೆದರೂ ಚುರುಕಾಗಿವೆ. ಬರೆಯದಿದ್ದದ್ದು ಅದಕ್ಕಲ್ಲ, ಆ ಫೋನಿನ ವಿಷಯ ಅಣ್ಣನಿಗೆ ಹೇಳದೆ ಪುಸ್ತಕ ತೆರೆಯಲಾಗಲಿಲ್ಲ.

ಇವತ್ತು ಬೆಳಗ್ಗೆ ಶೆಡ್ಡಿನಲ್ಲಿ ಅಣ್ಣ ಎಡಗೈಯಿಂದ ಪಟ್ಟಿ ಎಳೆಯುತ್ತಿದ್ದ, ಬಲಗೈ ಬಕಲ್ ಹಿಡಿದುಕೊಂಡಿತ್ತು. ಜಾರಿತು. ಮತ್ತೆ ಹಿಡಿಯಿತು. ಅದನ್ನು ನೋಡುತ್ತ ಬಾಯಿಂದ ಬಂದೇಬಿಟ್ಟಿತು.

"ಅವತ್ತು ನೀನು ಫೋನ್ ಮಾಡಿದ್ದೆ. ನಾನೇ ಕಟ್ ಮಾಡ್ದೆ."

"ಗೊತ್ತು." ಪಟ್ಟಿ ಬಿಡಲಿಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ ಯಾರಿಗೂ?"

ಬಕಲ್ಲಿಗೆ ಪಟ್ಟಿ ತೂರಿಸಿ ಬಿಗಿದ.

"ನೀನು ಕಟ್ ಮಾಡಿದ್ಮೇಲೆ ಫೋನ್ ಕೈಯಲ್ಲೇ ಇತ್ತು. ನಿಮ್ಮ ಅತ್ತಿಗೆಗೆ ಮಾಡ್ಬಹುದಿತ್ತು. ಗೋಡೆ ಬಡಿದಿದ್ರೆ ಪಕ್ಕದ ಮನೆಯವ್ರು ಬರ್ತಿದ್ರು. ಬಡೀಲಿಲ್ಲ. ಸುಮ್ನೆ ಎಲ್ರೂ ಓಡಿಬಂದು ಏನೂ ಇಲ್ಲ ಅಂತಾದ್ರೆ ಮರ್ಯಾದೆ ಹೋಗುತ್ತೆ ಅಂತ ಮಲಗ್ದೆ. ಮರ್ಯಾದೆ! ಅದನ್ನ ಅವಳ ಹತ್ರ ಹೇಗೆ ಹೇಳ್ಲಿ?"

ತಿರುಗಿ ನೋಡಿದೆ. ಬಾಗಿಲಲ್ಲಿ ಟೀ ಲೋಟ ಹಿಡಿದು ಅತ್ತಿಗೆ. ಎಷ್ಟು ಹೊತ್ತಿನಿಂದಲೋ.

ಲೋಟಗಳನ್ನು ಮೇಜಿನ ಮೇಲಿಟ್ಟರು. "ಆರಿಹೋಗುತ್ತೆ, ಕುಡೀರಿ" ಅಂದರು. ಒಳಗೆ ಹೋದರು. ಅಷ್ಟೇ.

ಏಪ್ರಿಲ್ 1, ಮಂಗಳವಾರ

ಅತ್ತಿಗೆ ನನ್ನ ಜೊತೆ ಮಾತಾಡುತ್ತಿಲ್ಲ. ಅಣ್ಣನ ಜೊತೆಯೂ ಇಲ್ಲವಂತೆ. ತೊಟ್ಟಿ ಸಿದ್ಧ, ಹೋಗುವವರಿಲ್ಲ.

ಏಪ್ರಿಲ್ 4, ಶುಕ್ರವಾರ

ಅತ್ತಿಗೆಯ ಫೋನ್. ಒಂದೇ ಮಾತು. "ಭಾನುವಾರ ಎಷ್ಟು ಗಂಟೆಗೆ? ನಾನೂ ಬರ್ತೀನಿ."

ಏಪ್ರಿಲ್ 6, ಭಾನುವಾರ. ಕೆರೆ ದಡ, ಬೆಳಗ್ಗೆ 8.40

ಏಳಕ್ಕೆ ನೀರಿಗಿಳಿಸಿದೆವು. ಅಣ್ಣ ಒಬ್ಬನೇ. ಬಾಗಿದ ಮರದ ತನಕ ಮಾತ್ರ ಎಂದು ಒಪ್ಪಂದ. ಪಂಪು ಗುಂಯ್ ಅನ್ನುತ್ತಿತ್ತು, ಪೈಪಿನಿಂದ ಸಣ್ಣಗೆ ನೀರು ಹೊರಬೀಳುತ್ತಿತ್ತು. ಮುಕ್ಕಾಲು ಗಂಟೆಗೆ ವಾಪಸ್. ಎರೆಮೀನೆಲ್ಲ ಖಾಲಿ, ಸಿಕ್ಕಿದ್ದು ಸೊನ್ನೆ.

"ಕಚ್ತಾವೆ, ಎಳೆಯೋಷ್ಟರಲ್ಲಿ ತಿಂದ್ಕೊಂಡು ಹೋಗ್ತಾವೆ. ಇನ್ನೊಂದು ಸಲ ಹೋಗ್ತೀನಿ."

ಅತ್ತಿಗೆ ಸಾಕು ಅನ್ನುತ್ತಾರೆಂದುಕೊಂಡೆ. ಚಪ್ಪಲಿ ಬಿಟ್ಟು ನೀರಿಗಿಳಿದರು. ನನ್ನ ಕೈಯಿಂದ ಬಲೆ ತೆಗೆದುಕೊಂಡು, ಉಳಿದ ಎರೆಮೀನಿದ್ದ ಬಕೆಟ್ಟಿನಿಂದ ಒಂದೊಂದಾಗಿ ತೊಟ್ಟಿಗೆ ಬಿಟ್ಟರು. "ಇದು ಮಂಕಾಗಿದೆ, ಬೇಡ" ಎಂದು ಒಂದನ್ನು ಕೆರೆಗೇ ಬಿಟ್ಟರು. ಆಮೇಲೆ ಅಣ್ಣನ ಮುಖ ನೋಡದೆ, "ಇನ್ಮೇಲೆ ಏನಾದ್ರೂ ಅನ್ನಿಸಿದ್ರೆ ಗೋಡೆ ಒಡೆದುಹೋಗೋ ಹಾಗೆ ಬಡೀರಿ" ಅಂದರು. ಅಣ್ಣ ತಲೆಯಾಡಿಸಿದ. ಅತ್ತಿಗೆಯೇ ಕಯಾಕ್ ತಳ್ಳಿದರು.

ಈಗ ಅತ್ತಿಗೆ ನನ್ನ ಪಕ್ಕ ಕೂತಿದ್ದಾರೆ. ಪಾದ ಒರೆಸಿಕೊಂಡಿಲ್ಲ.

ಬಾಗಿದ ಮರ ದಾಟಿದ. ಕರೆಯಲೇ ಎಂದು ಅತ್ತಿಗೆಯ ಕಡೆ ನೋಡಿದೆ. ಬೇಡ ಎಂಬಂತೆ ನನ್ನ ಮಂಡಿಯ ಮೇಲೆ ಕೈಯಿಟ್ಟರು. ಮರದ ಹಿಂದೆ ಹೋದ, ಕಾಣಿಸುತ್ತಿಲ್ಲ. ಹುಟ್ಟಿನ ಸದ್ದು ಮಾತ್ರ. ಎಡ ಜೋರು. ಬಲ ಸ್ವಲ್ಪ ತಡ, ಆದರೆ ಬರುತ್ತದೆ. ಎಡ... ಬಲ. ಎಡ... ಬಲ. ಎಡ...