ನಂಬಿದ ದಿನ, ಹುಟ್ಟಿದ ದಿನ

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದಿನ ಬಾಯಿಬಡುಕಿಗೆ,

ಅಮ್ಮನ ಅಪ್ಪುಗೆ, ಎರಡು ಮುತ್ತು. ಫೋನಿನಲ್ಲಿ ಅಪ್ಪನ ಮಾತೆತ್ತಿದರೆ ಸಾಕು, ವಾರ್ಡಿನಲ್ಲಿ ಕೆಲಸವಿದೆ ಎಂದು ಇಟ್ಟುಬಿಡುತ್ತೀಯಲ್ಲ, ಅದಕ್ಕೇ ಈ ಕಾಗದ. ಇದನ್ನು ಮಧ್ಯದಲ್ಲಿ ಕಟ್ ಮಾಡುವುದು ಅಷ್ಟು ಸುಲಭವಲ್ಲ.

ಆ ದಿನದ ಊಟದ ಮೇಜು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ದೀಕ್ಷಾಸ್ನಾನಕ್ಕೆ ನಿಲ್ಲುವವರು ತಾವು ಕ್ರಿಸ್ತನಲ್ಲಿ ಮರುಜನ್ಮ ಪಡೆದ ದಿನ ಯಾವುದೆಂದು ಎಲ್ಲರ ಮುಂದೆ ಹೇಳಬೇಕು, ಅದು ನಮ್ಮ ಪುಟ್ಟ ಸಭೆಯ ಪದ್ಧತಿ. ಸಭಾಪಾಲಕರಾದ ನಿಮ್ಮಪ್ಪ ಮಗಳಿಗೂ ವಿನಾಯಿತಿ ಇಲ್ಲವೆಂದರು. ನೀನು ಹೇಳುವುದಿಲ್ಲವೆಂದು ಹಟ ಹಿಡಿದೆ. ದೇವರು ಒಳಗೆ ಹೊಸ ಜೀವ ಕೊಟ್ಟ ಮೇಲೆಯೇ ಮನುಷ್ಯ ನಂಬಲು ಸಾಧ್ಯ, ಆ ಗಳಿಗೆ ನನಗೆ ಹೇಗೆ ಗೊತ್ತಾಗಬೇಕು ಎಂದೆ. ನಮ್ಮ ಹೆರಿಗೆ ವಾರ್ಡಿನಲ್ಲಿ ಯಾವ ಮಗುವೂ ಅತ್ತು ಹುಟ್ಟಲ್ಲ, ಹುಟ್ಟಿ ಅಳುತ್ತೆ ಅಂತ ಬೇರೆ ಸೇರಿಸಿದೆ. ಕೈ ಚಾಚದವನ ಕೈಗೆ ದೇವರು ಏನನ್ನೂ ತುರುಕಲ್ಲ, ನಂಬಿದವನಿಗೇ ಹೊಸ ಹುಟ್ಟು ಎಂದರು ಅವರು. ಸತ್ಯವೇದ ಮೇಜಿಗೆ ಬಂತು. ಅವರು ಒಂದು ವಚನದ ಮೇಲೆ ಬೆರಳಿಟ್ಟರು, ನೀನು ಅದರ ಕೆಳಗಿನ ವಚನದ ಮೇಲೆ. ಒಂದೇ ಪುಟ, ಎರಡು ಬೆರಳು, ಉಗುರು ಮಾತ್ರ ತದ್ರೂಪ! ನನಗೆ ನಗು ಬಂತು, ನುಂಗಿಕೊಂಡೆ. ದಿನ ಹೇಳದಿದ್ದರೆ ನೀರಿಗಿಳಿಸುವುದಿಲ್ಲ ಎಂದರು. ನೀನು ಬ್ಯಾಗು ಎತ್ತಿಕೊಂಡು ಹಾಸ್ಟೆಲಿಗೆ ಹೊರಟೇಬಿಟ್ಟೆ.

ನನ್ನನ್ನು ಯಾರೂ ಕೇಳಲಿಲ್ಲ ಬಿಡು. ಮದುವೆಯಾದ ಹೊಸತರಲ್ಲಿ ಲಾಂಡ್ರಿಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಾ ಸಭೆಯ ಹಾಡುಗಳನ್ನು ಗುನುಗುತ್ತಿದ್ದೆ, ಬರೀ ಅಭ್ಯಾಸಬಲ. ಒಂದು ದಿನ ನೋಡಿದರೆ, ಆ ಮಾತುಗಳನ್ನೆಲ್ಲ ನಂಬಿಯೇ ಹಾಡುತ್ತಿದ್ದೇನೆ! ಯಾವಾಗಿನಿಂದಲೋ ತಿಳಿಯದು. ಅಲ್ಲಿಗೆ ನಾನು ನಿನ್ನ ಪಕ್ಷ. ಆದರೆ ಬಾಯಿ ತೆರೆದವಳು ನಾನೇ, ಯಾರೂ ಬಲವಂತದಿಂದ ತೆರೆಸಲಿಲ್ಲ. ಅಲ್ಲಿಗೆ ಅವರ ಪಕ್ಷ. ಇಬ್ಬರಿಗೂ ಕೆಲಸಕ್ಕೆ ಬಾರದ ಸಾಕ್ಷಿ ನಿನ್ನಮ್ಮ.

ಈಗ ಕೇಳು. ನಿನ್ನೆ ಕೆಲಸ ಮುಗಿಸಿ ಸಭೆಯ ಹಾಲ್‌ಗೆ ಹೋದರೆ, ನಿಮ್ಮಪ್ಪ ವೇದಿಕೆಯ ಹಲಗೆಗಳನ್ನು ಎತ್ತಿ, ಪ್ಯಾಂಟು ಮಡಚಿಕೊಂಡು, ದೀಕ್ಷಾಸ್ನಾನದ ತೊಟ್ಟಿಯೊಳಗೆ ಇಳಿದು ಪಾಚಿ ಉಜ್ಜುತ್ತಿದ್ದರು. ಈ ಭಾನುವಾರದ ದೀಕ್ಷಾಸ್ನಾನಕ್ಕೆ ಯಾರೂ ಹೆಸರು ಕೊಟ್ಟಿಲ್ಲ. ಪಕ್ಕದಲ್ಲಿ ಹೊಸ ಹೀಟರು, ಇನ್ನೂ ಡಬ್ಬಿಯಲ್ಲೇ ಇತ್ತು. ಇಷ್ಟು ವರ್ಷ ಎಲ್ಲರನ್ನೂ ತಣ್ಣೀರಲ್ಲೇ ಮುಳುಗಿಸಿದ ಮಹಾನುಭಾವರು! ಇದು ಯಾರಿಗೆ ಎಂದೆ. ಅವಳಿಗೆ ಬೇಗ ಶೀತ ಆಗುತ್ತೆ ಎಂದರು. ಅವಳು ಬರ್ತೀನಿ ಅಂತ ಹೇಳೇ ಇಲ್ಲವಲ್ಲ ಎಂದೆ. ಹೇಳಿದ ಮೇಲೆ ಶುರು ಮಾಡಿದ್ರೆ ನೀರು ಕಾಯೋದು ಯಾವಾಗ ಎಂದರು. ಹಾಗಾದರೆ ಕೇಳುವ ಮೊದಲೇ ಕೊಡುವುದೂ ಉಂಟು ಅಂತಾಯ್ತು ಎಂದೆ. ಬ್ರಷ್ಷಿನ ಸದ್ದು ಜೋರಾಯಿತು.

ಮನೆಗೆ ಬರುವ ದಾರಿಯಲ್ಲಿ ಅವರೇ ಬಾಯಿಬಿಟ್ಟರು. ದಿನ ಯಾವುದು ಅಂತ ಕೇಳಲ್ಲ, ನಂಬ್ತೀಯಾ ಅಂತ ಕೇಳೋದನ್ನ ಮಾತ್ರ ಬಿಡೋಕಾಗಲ್ಲ ಎಂದರು. ಇಷ್ಟು ಹೇಳುವುದಕ್ಕೆ ಆ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನಿನಗೂ ಗೊತ್ತು. ನೀನೇನೂ ವಾದದಲ್ಲಿ ಸೋಲಬೇಡ, ತಲೆ ಒರೆಸಿಕೊಂಡ ಮೇಲೆ ಬೇಕಾದರೆ ಮತ್ತೆ ಶುರು ಹಚ್ಚಿಕೋ. ಆದರೆ ಬಾ, ಕಂದ. ಇನ್ನೊಂದು ಸಭೆಯಲ್ಲಿ ಬೇರೆ ಯಾರೋ ನಿನ್ನನ್ನು ನೀರಿಗಿಳಿಸಿದರೆ ಅವರ ಎದೆ ಒಡೆದೀತು, ನನ್ನದೂ ಕೂಡ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ತಾ.ಕ.: ಹೇಳಬೇಡ ಎಂದಿದ್ದರು, ಹೇಳುತ್ತಿದ್ದೇನೆ. ಹೋದ ತಿಂಗಳು ಹಲ್ಲು ತೋರಿಸಲು ಹೋಗುತ್ತೇನೆಂದು ಹೊರಟವರು ಬಂದದ್ದು ನಿನ್ನ ಆಸ್ಪತ್ರೆಗೆ. ಗೇಟಿನೆದುರು ನಿಂತಿದ್ದರಂತೆ. ನೀನು ಗೆಳತಿಯರ ಜೊತೆ ನಗುತ್ತಾ ಹೊರಗೆ ಬಂದೆಯಂತೆ, ತೆಳ್ಳಗಾಗಿದ್ದೀಯಂತೆ. ಕೂಗಬಾರದಿತ್ತೇ ಎಂದು ಕೇಳಿದೆ. ಅವಳೇ ಮೊದಲು ತಿರುಗಿ ನೋಡಲಿ ಅಂತ ಕಾಯ್ತಾ ನಿಂತೆ ಎಂದರು. ನೀನು ತಿರುಗಲಿಲ್ಲ, ಬಸ್ಸು ಹತ್ತಿಬಿಟ್ಟೆಯಂತೆ.