‘ಬೀ’ ಇದ್ದಲ್ಲಿ ‘ವೀ’

ಬಾಗಲಕೋಟೆ, ೧೯೫೬

ಅಪ್ಪಾ,

ನೀವು ತೀರಿಹೋದ ಮೇಲೆ ಮೊದಲ ಸಲ ನಿನ್ನೆ ಗುಡೂರಿನ ಬೀರಪ್ಪನ ಗುಡಿಗೆ ಹೋಗಿದ್ದೆ. ಅಲ್ಲಿಯ ಶಾಸನದಲ್ಲಿರುವ ಹೆಸರು ನಿಮ್ಮ ಪುಸ್ತಕದಲ್ಲಿ ‘ವೀರದೇವ’ ಎಂದಿದೆ. ಅದನ್ನೇ ನಂಬಿ ಪಂಡಿತರು, ವೀರದೇವನೆಂದರೆ ವೀರನಾರಾಯಣ, ಗುಡಿ ಮೊದಲು ವಿಷ್ಣುವಿನದು ಅನ್ನುತ್ತಾರೆ. ಪೂಜೆ ಮಾಡುವ ಸತ್ಯವ್ವ ಕಲ್ಲು ತೊಳೆದು ಕೇಳಿದಳು: “ಓದ್ರಿ ಬಾಯಾರ, ನಮ್ಮ ಬೀರಪ್ಪನ ಹೆಸರ ಐತಿ, ಹೌದಿಲ್ರಿ?” ಅಕ್ಷರದ ಮೇಲೆ ಬೆರಳಾಡಿಸಿದೆ. ‘ಬೀರದೇವ’ ಎಂದೇ ಇತ್ತು.

ಮನೆಗೆ ಬಂದು ನಿಮ್ಮ ಟಿಪ್ಪಣಿ ತೆಗೆದೆ. ನೀವೂ ‘ಬೀ’ ಎಂದೇ ಬರೆದಿದ್ದೀರಿ. ಅಚ್ಚಿಗೆ ಪ್ರತಿ ಮಾಡುವಾಗ, ನಿಮ್ಮ ಕೈತಪ್ಪೆಂದು ತಿದ್ದಿದವಳು ನಾನು. ವೀರನಾರಾಯಣನ ಒಕ್ಕಲಾದ ನನಗೆ ಬೇರೆ ಯಾವ ದೇವರು ಹೊಳೆಯಬೇಕು?

ಪುಸ್ತಕ ಬಂದ ದಿನ ಆ ಪುಟವನ್ನು ನೀವು ಬಹಳ ಹೊತ್ತು ನೋಡಿದಿರಿ. ಆಮೇಲೆ ಅಂದದ್ದಿಷ್ಟೇ: “ಪ್ರತಿ ಭಾಳ ಛಂದ ಮಾಡಿದ್ದಿ, ಮಥುರಾ.”