ಮೀನು ಮೊಟ್ಟೆಯಿಡುವ ಜಾಗ ಖಾಲಿಯಲ್ಲ

ಸುಸ್ಥಿರ ಪ್ರವಾಸೋದ್ಯಮದ ಯೋಜನಾಧಿಕಾರಿಗಳೇ,

ಸೂಳೆಕೆರೆ ದಡದ ಜೊಂಡು ಹುಲ್ಲನ್ನೆಲ್ಲ ಕೀಳಿಸಿ, ಹೊಸ ನೀರು ಬರುವ ಎರಡು ತಿಂಗಳು ಅಲ್ಲಿ ಮೋಟಾರು ದೋಣಿ ಓಡಿಸುವ ತಮ್ಮ ಯೋಜನೆಯನ್ನು ಓದಿದೆ. ಎಪ್ಪತ್ತೆರಡು ಪುಟ, ನುಣುಪು ಕಾಗದ. ಪ್ರತಿ ಪುಟದಲ್ಲೂ 'ಸುಸ್ಥಿರ' ಎಂಬ ಪದವಿದೆ. ಮೀನು ಎಂಬ ಪದ ಮಾತ್ರ ಒಂದೇ ಕಡೆ, ಊಟದ ಪಟ್ಟಿಯಲ್ಲಿ. ಭೇಷ್!

ಈ ಜ್ಞಾನೋದಯ ತಮಗೆ ಎಲ್ಲಿ ಆಯಿತೆಂದು ನನಗೆ ಗೊತ್ತು, ನಾನು ಅಲ್ಲೇ ಇದ್ದೆ. ಚನ್ನಗಿರಿಯಲ್ಲಿ ತಾವು ಕರೆದ ಸಭೆಗೆ ನನ್ನ ಸೋದರತ್ತೆ ಗಾದ್ರಮ್ಮನನ್ನು ಕರೆತಂದವನೇ ನಾನು. ನಲವತ್ತು ವರ್ಷ ಈ ಕೆರೆಯ ಮೀನು ಮಾರಿ ಬದುಕಿದವಳು ಅವಳು. ಕೆರೆಯ ಬಗ್ಗೆ ತಮ್ಮ ಪಾಠ ಮುಗಿದ ಮೇಲೆ ಎದ್ದು ನಿಂತಳು.

"ಸಾಹೇಬ್ರೇ, ಹೊಸ ನೀರು ಬಂದಾಗ ಮೀನು ಜೊಂಡಿನಾಗೆ ಮೊಟ್ಟೆ ಇಡಾಕೆ ಬರ್ತಾವೆ. ಆ ಎರಡು ತಿಂಗಳು ನಾವ್ಯಾರೂ ಆ ಕಡೆ ತೆಪ್ಪ ಬಿಡಲ್ಲ. ನಮ್ಮಪ್ಪನ ಕಾಲದಿಂದ್ಲೂ ಹಿಂಗೇ ಐತೆ."

"ಅಂದ್ರೆ ಎರಡು ತಿಂಗಳು ಆ ಜಾಗ ಖಾಲಿ ಇರುತ್ತೆ, ಅಲ್ವಾ?" ಎಂದಿರಿ ತಾವು. ಬರೆದುಕೊಂಡಿರಿ ಕೂಡ. ಸಾಹೇಬರು ತನ್ನ ಮಾತು ಬರೆದುಕೊಂಡರೆಂದು ಅತ್ತೆಗೆ ಖುಷಿಯೋ ಖುಷಿ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅದನ್ನೇ ಹೇಳಿದಳು.

ಖಾಲಿಯೇ? ಬಾಣಂತಿಯ ಕೋಣೆಗೆ ಯಾರೂ ಹೋಗುವುದಿಲ್ಲವೆಂದು ಅದನ್ನು ಬಾಡಿಗೆಗೆ ಕೊಡುತ್ತೀರಾ? ಆ ಎರಡು ತಿಂಗಳು ಅತ್ತೆ ನೋಯುವ ಮಂಡಿ ಹಿಡಿದುಕೊಂಡು ಕಂಡವರ ಹೊಲದಲ್ಲಿ ಕಳೆ ಕೀಳುತ್ತಾಳೆ. ಹಾಗೆ ಮಾಡೆಂದು ಯಾವ ಸುತ್ತೋಲೆಯೂ ಅವಳಿಗೆ ಹೇಳಿಲ್ಲ. ಇದಕ್ಕೆ ತಮ್ಮ ಭಾಷೆಯಲ್ಲಿ ಏನೋ ದೊಡ್ಡ ಹೆಸರಿದೆಯಲ್ಲ, ಎಪ್ಪತ್ತೆರಡು ಪುಟಗಳಲ್ಲೂ ಅಚ್ಚಾಗಿರುವುದು? ಜೊಂಡು ಹೋದರೆ ಮೀನುಮರಿ ಇಲ್ಲ, ಮರಿ ಇಲ್ಲದಿದ್ದರೆ ಮುಂದೆ ಅವಳ ಬುಟ್ಟಿಯಲ್ಲಿ ಏನೂ ಇಲ್ಲ. ಆಗ ತಾವು ಅವಳಿಗೆ ಕೊಡಲಿರುವ ಕೆಲಸ ಪುಟ ಐವತ್ತೊಂದರಲ್ಲಿದೆ: ಸ್ಥಳೀಯ ಉಡುಗೆ ತೊಟ್ಟು ಪ್ರವಾಸಿಗರಿಗೆ ಕೈಮುಗಿಯುವುದು. ಥೂ, ನಾಚಿಕೆಯಾಗಬೇಕು.

ಯೋಜನೆಯನ್ನು ಅತ್ತೆಗೆ ಓದಿ ಹೇಳಿದೆ. "ನಾನು ಬಾಯಿ ಬಿಡದಿದ್ರೆ ಅವ್ರಿಗೆ ಗೊತ್ತೇ ಆಗ್ತಿರ್ಲಿಲ್ಲ, ಅಲ್ಲೇನೋ?" ಎಂದಳು.

ದೋಣಿಯ ಗುತ್ತಿಗೆಯನ್ನು ಹೊಸ ನೀರು ಬರುವ ಮೊದಲೇ ರದ್ದು ಮಾಡಿ. ಆ ಆದೇಶವನ್ನು ತಾವೇ ತಂದು ಅತ್ತೆಯ ಎದುರು ನಿಂತು ಓದಿ. ಪ್ರವಾಸಿಗರು ಬರಲಿ, ಬೇಡವೆಂದವರಾರು? ಏರಿಯ ಮೇಲೆ ನಿಂತು ನೋಡಲಿ. ಎರಡು ತಿಂಗಳು ಕೈಕಟ್ಟಿ ಕೂರುವುದು ನಮಗೆ ಗೊತ್ತು, ತಾವೂ ಕಲಿಯಿರಿ.

ಇಂತಿ,
"ಮಾತಾಡು ಅತ್ತೆ, ಸಾಹೇಬ್ರು ಕೇಳ್ತಾರೆ" ಎಂದು ಅವಳನ್ನು ಎಬ್ಬಿಸಿ ನಿಲ್ಲಿಸಿದ ದಡ್ಡ,
ಮಾರುತೇಶ್, ಸೂಳೆಕೆರೆ